ನಾಲ್ಕನೇ ಹೊಸ್ತಿಲ ಕೆಂಪಜ್ಜಿ

ಬಂದ್ರಾ? ಕೂತ್ಕೊಳ್ಳಿ. ಕತೆ ಹೇಳೋಕೆ ನಾನೊಬ್ಬಳು ಸಾಕು, ಹೂಂಗುಟ್ಟೋಕೆ ನೀವು ಬೇಕು. ಎಷ್ಟು ಜನ ಇದ್ದೀರಿ? ಹತ್ತೊಂಬತ್ತು. ಸರಿ. ನಾನು ಮಾತು ಮುಗಿಸಿದ ಮೇಲೆ ಹೂಂ ಅನ್ನಬೇಕು, ಮುಂಚೆ ಅಲ್ಲ.

ಹೆಸರು ಮರೆತುಹೋದ ಒಂದು ದೇಶ. ಆ ದೇಶಕ್ಕೊಬ್ಬ ರಾಜ, ಆ ರಾಜನಿಗೊಂದು ಅರಮನೆ. ಎಂಥಾ ಅರಮನೆ ಅಂತೀರಿ? ದಿನಾ ಹತ್ತು ಸಾವಿರ ಜನಕ್ಕೆ ಅಲ್ಲಿ ಎಲೆ ಹಾಕಬೇಕು. ಉಗ್ರಾಣ ಒಂದು ಕಡೆ, ಅಡುಗೆಮನೆ ಇನ್ನೊಂದು ಕಡೆ, ನಡುವೆ ಏಳು ಹೊಸ್ತಿಲು. ನಲವತ್ತು ಜನ ಆಳುಗಳು ಅಕ್ಕಿ ಮೂಟೆ ಹೊತ್ತು ಏಳೂ ಹೊಸ್ತಿಲು ದಾಟಬೇಕು. ಒಂದು ಹೊಸ್ತಿಲಲ್ಲಿ ಅಳೆಯೋರು, ಇನ್ನೊಂದರಲ್ಲಿ ಕೇರೋರು, ಮತ್ತೊಂದರಲ್ಲಿ ಕಲ್ಲು ಆರಿಸೋರು. ನಾಲ್ಕನೇ ಹೊಸ್ತಿಲಲ್ಲಿ ಮಾತ್ರ ಕೆಂಪಜ್ಜಿ ಅನ್ನೋ ಮುದುಕಿ ಸುಮ್ಮನೆ ಕೂತಿರೋಳು. ಆಳು ಬಂದ ಕೂಡಲೆ "ಯಾರು?" ಅನ್ನೋಳು. ಅವನು ಮೂಟೆ ಇಳಿಸಿ, ಉಸಿರು ಎಳ್ಕೊಂಡು, ಹೆಸರು ಹೇಳೋನು. "ಹೋಗು" ಅನ್ನೋಳು. ಅಷ್ಟೇ ಅವಳ ಕೆಲಸ.

ರಾಜನಿಗೆ ಊಟ ತಡವಾಗ್ತಿತ್ತು. ಅರಮನೆ ಕೆಲಸಗಳನ್ನೆಲ್ಲ ಹೊಸದಾಗಿ ಜೋಡಿಸಿಕೊಡು ಅಂತ ತೋಟಪ್ಪ ಅನ್ನೋ ಜಾಣನನ್ನ ಕರೆಸಿ ದಿವಾನನನ್ನಾಗಿ ಮಾಡಿದ. ತೋಟಪ್ಪ. ಈ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ತೋಟಪ್ಪ ಕೆಟ್ಟೋನಲ್ಲ. ಆದರೆ ನಿಂತ ಕಡೆ ನಿಲ್ಲೋನಲ್ಲ. ಮೂಟೆಗಳ ಹಿಂದೆ ಮೂರು ದಿನ ನಡೆದ, ಸಿಕ್ಕಸಿಕ್ಕವರನ್ನೆಲ್ಲ ನಿಮ್ಮ ಕೆಲಸ ಏನು, ಯಾಕೆ ಅಂತ ಕೇಳಿದ. ಕೆಂಪಜ್ಜಿಯನ್ನೂ ಕೇಳಿದ. ನಮ್ಮತ್ತೆ ಕೇಳ್ತಿದ್ದರು, ಅದಕ್ಕೆ ನಾನೂ ಕೇಳ್ತೀನಿ ಅಂದಳು ಅಜ್ಜಿ. ನಿಮ್ಮತ್ತೆ ಯಾಕೆ ಕೇಳ್ತಿದ್ದರು ಅಂದ. ಅಜ್ಜಿ ಎಲೆ ಅಡಿಕೆ ಉಗಿದು, ಬಾಯಿ ಒರೆಸಿಕೊಂಡು, "ಅದು ಹೇಗೆ ಅಂದರೆ ಮಗಾ..." ಅಂತ ತಲೆ ಎತ್ತಿದಳು. ತೋಟಪ್ಪ ಅಷ್ಟೊತ್ತಿಗೆ ಐದನೇ ಹೊಸ್ತಿಲಲ್ಲಿದ್ದ.

ಆಮೇಲೆ ಗೋಡೆ ಒಡೆಸಿದ. ಏಳು ಹೊಸ್ತಿಲು ಹೋಗಿ ಉಗ್ರಾಣದಿಂದ ಅಡುಗೆಮನೆಗೆ ಒಂದೇ ನೆಟ್ಟನೆ ಓಣಿ ಆಯ್ತು. ಕುದುರೆ ಲಾಯ, ನೇಯ್ಗೆ ಮನೆ, ಓಲೆ ಬರೆಯೋ ಚಾವಡಿ, ಎಲ್ಲ ಕಡೆ ಹಾಗೇ ಮಾಡಿದ. ಹೆಸರು ಕರೆಯೋದು ತಡ ಅಂತ ಎಲ್ಲರ ಕೊರಳಿಗೂ ನಂಬರಿನ ಹಿತ್ತಾಳೆ ಬಿಲ್ಲೆ ಕಟ್ಟಿಸಿದ. ತಾನೂ ಕಟ್ಟಿಕೊಂಡ. ಅವನದು ಒಂದನೇ ನಂಬರು. ಕೆಂಪಜ್ಜಿಗೆ ಒಂದು ಸೀರೆ ಕೊಟ್ಟು ಮನೆಗೆ ಕಳಿಸಿದ.

ಮಧ್ಯಾಹ್ನ ಬರ್ತಿದ್ದ ಅಕ್ಕಿ ಬೆಳಿಗ್ಗೆಯೇ ಬಂತು. ರಾಜ ಶಾಲು ಹೊದಿಸಿದ. ಎಲ್ಲರ ಬಾಯಲ್ಲೂ ದಿವಾನರು, ದಿವಾನರು. ತೋಟಪ್ಪ ಅನ್ನೋರು ಯಾರೂ ಉಳಿಯಲಿಲ್ಲ. ಹೆಂಡತಿ ಪುಟ್ಟೀರಮ್ಮ ಗಂಡನ ಹೆಸರು ಹೇಳ್ತಾಳಾ? ಮದುವೆ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳು ಅಂದಾಗ ಒಂದೇ ಸಲ ಹೇಳಿದ್ದು, ಅಷ್ಟೇ. ಹೀಗೇ ಒಂದು ವರ್ಷ ಕಳೀತು.

ಕೇಳ್ತಿದ್ದೀರಾ? ಹಿಂದೆ ಯಾರೋ ಚೆನ್ನಾಗಿ ಹೂಂಗುಡ್ತಿದ್ದೀರಿ. ಸ್ವಲ್ಪ ನಿಧಾನ.

ಒಂದು ದಿನ ಓಣಿಗೆ ನಲವತ್ತು ಜನ ಹೋದರು, ಆ ಕಡೆ ನಲವತ್ತೊಂದು ಜನ ಬಂದರು. ಎಣಿಸಿದೋನು ತನ್ನದೇ ತಪ್ಪು ಅಂದ್ಕೊಂಡ. ಮಾರನೇ ದಿನ ನಲವತ್ತು ಹೋದರು, ನಲವತ್ನಾಲ್ಕು ಬಂದರು. ಮೂರನೇ ದಿನ ನಲವತ್ತು ಹೋದರು, ಐವತ್ತು ಬಂದರು. ಹೆಚ್ಚಾದೋರು ಸುಧಾರಿಸಿಕೊಳ್ಳೋಕೆ ಮೂಟೆ ಇಳಿಸ್ತಿರಲಿಲ್ಲ, ನೀರು ಕೇಳ್ತಿರಲಿಲ್ಲ, ಬೆವರ್ತಿರಲಿಲ್ಲ. ತೋಟಪ್ಪನಿಗೆ ಮೊದಲು ಖುಷಿಯೇ ಆಯ್ತು. ಆಮೇಲೆ ಅಡುಗೆಮನೆ ಬಾಗಿಲಲ್ಲಿ ಇಬ್ಬರನ್ನ ನೋಡಿದ. ಒಂದೇ ಮುಖ, ಒಂದೇ ನಂಬರು, ಹದಿನೇಳು. ಒಬ್ಬ ಬೆವರು ಒರೆಸಿಕೊಳ್ತಿದ್ದ, ಇನ್ನೊಬ್ಬನ ಹಣೆ ಒಣಗಿತ್ತು. ಯಾರಪ್ಪ ನೀನು ಅಂದರೆ ಇಬ್ಬರೂ ಹದಿನೇಳು ಅಂದರು.

ನಾಲ್ಕು ದಿನ ಕಳೆಯೋದರೊಳಗೆ ಬೆವರೋ ಹದಿನೇಳು ಕಾಣೆಯಾದ. ತೋಟಪ್ಪ ಅವನ ಮನೆ ಹುಡುಕಿಕೊಂಡು ಹೋದ. ಅವನ ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದಳು, "ಬರ್ತಾರೆ ಬುದ್ಧಿ, ಹೊತ್ತಿಗೆ ಸರಿಯಾಗಿ ಬರ್ತಾರೆ. ಹಾಕಿದ್ದು ಉಣ್ತಾರೆ, ಉಪ್ಪಿಲ್ಲ ಅಂದರೂ ಉಣ್ತಾರೆ. ಮಗು ಮಾತ್ರ ಹತ್ತಿರ ಹೋಗಲ್ಲ."

ತೋಟಪ್ಪನಿಗೆ ಭಯವಾಯ್ತು. ನೆತ್ತಿ ಸುಡೋ ಬಿಸಿಲಲ್ಲಿ ಮೈ ತಣ್ಣಗಾಯ್ತು. ಮನೆ ಕಡೆ ಹೊರಟ. ತನ್ನ ಬೀದಿಗೆ ತಿರುಗಿದರೆ ಮುಂದೆ ಯಾರೋ ಹೋಗ್ತಿದ್ದಾರೆ. ತನ್ನದೇ ರುಮಾಲು, ತನ್ನದೇ ಶಾಲು, ತನ್ನದೇ ಬೆನ್ನು. ಓಡಿದ. ಓಡಿದರೂ ಅದು ಮುಂದೆ. ಬಾಗಿಲು ಮುಟ್ಟೋ ಹೊತ್ತಿಗೆ ಇಬ್ಬರೂ ಒಟ್ಟಿಗೆ ನಿಂತರು.

ಒಳಗೆ ಪುಟ್ಟೀರಮ್ಮನ ಹತ್ತಿರ ಕೆಂಪಜ್ಜಿ ಕೂತಿದ್ದಳು. ಮಜ್ಜಿಗೆಗೆ ಬಂದೋಳು, ದಿವಾನ ಕೇಳದೆ ಹೋದದ್ದನ್ನೆಲ್ಲ ಅವನ ಹೆಂಡತಿಗೆ ಹೇಳಿ ಮುಗಿಸಿದ್ದಳು. ಪುಟ್ಟೀರಮ್ಮ ಕಿಂಡಿಯಲ್ಲಿ ನೋಡಿದಳು. ಗಂಡಂದಿರು ಇಬ್ಬರು. ಅಗುಳಿ ತೆಗೆಯದೆ ಕೇಳಿದಳು, "ಯಾರು?"

"ತೋಟಪ್ಪ" ಅಂತು ಒಂದು ದನಿ, ಅವಳ ಮಾತು ಮುಗಿಯೋಕೂ ಮುಂಚೆ.

ತೋಟಪ್ಪ ಬಾಯಿ ತೆಗೆದ. ಹೆಸರು ಬರಲಿಲ್ಲ. ವರ್ಷದಿಂದ ಯಾರೂ ಕರೆದಿಲ್ಲ, ಅವನೂ ಹೇಳಿಲ್ಲ. ನಾಲಿಗೆಗೆ ಬಂದದ್ದು ಒಂದು ಅನ್ನೋ ನಂಬರು. ಅದನ್ನ ನುಂಗಿಕೊಂಡ.

"ಯಾರು?"

"ತೋಟಪ್ಪ."

ಅವನದೇ ಹೆಸರು, ಪಕ್ಕದೋನ ಬಾಯಲ್ಲಿ. ತೋಟಪ್ಪ ಹೆಸರಿಗಾಗಿ ತಡಕಾಡಿದ. ಅಮ್ಮ ಕರೀತಿದ್ದ ದನಿ ನೆನಪಾಯ್ತು, ಹೆಸರು ನೆನಪಾಗಲಿಲ್ಲ.

"ಯಾರು?"

"ತೋಟಪ್ಪ."

ತೋಟಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತುಬಿಟ್ಟ. "ಗೊತ್ತಿಲ್ಲ ಕಣೇ" ಅಂದ.

ಅಗುಳಿ ಸರೀತು. ಪುಟ್ಟೀರಮ್ಮ ಅಳ್ತಿದ್ದೋನ ಕೈ ಹಿಡಿದು ಒಳಗೆ ಎಳೆದುಕೊಂಡಳು. ಮದುವೆ ದಿನ ಒಂದು ಸಲ ಹೇಳಿದ್ದ ಹೆಸರನ್ನ ಅವನ ಕಿವಿಯಲ್ಲಿ ಎರಡನೇ ಸಲ ಹೇಳಿದಳು. ಹೊರಗೆ ನೋಡಿದರೆ ಮೆಟ್ಟಿಲ ಮೇಲೆ ಹಿತ್ತಾಳೆ ಬಿಲ್ಲೆ ಒಂದೇ ಬಿದ್ದಿತ್ತು. ಅಷ್ಟು ಬಿಸಿಲಲ್ಲೂ ಅದು ತಣ್ಣಗಿತ್ತು.

ಕೆಂಪಜ್ಜಿ ಮಜ್ಜಿಗೆ ಕುಡಿದು ಮುಗಿಸಿ, ನಿಧಾನಕ್ಕೆ ಹೇಳಿದಳು. "ಸಾಲು ಎಲ್ಲೂ ನಿಲ್ಲದೆ ಹೋದರೆ ಅದು ಬಂದು ಸೇರ್ಕೊಳ್ಳುತ್ತೆ ಮಗಾ. ಹೆಸರು ಅದಕ್ಕೂ ಗೊತ್ತು. ಉಸಿರು ಎಳ್ಕೊಳ್ಳೋದು ಗೊತ್ತಿಲ್ಲ. ನಾನು ಕೇಳ್ತಿದ್ದದ್ದು ಹೆಸರಲ್ಲ, ಆ ಉಸಿರು."

ಮಾರನೇ ದಿನ ಓಣಿಗೆ ಅಡ್ಡ ಗೋಡೆ ಎದ್ದಿತು, ಹೊಸ್ತಿಲು ಬಂತು, ಅಜ್ಜಿ ಕೂತಳು. ಥಟ್ಟನೆ ಹೆಸರು ಹೇಳಿದೋರಿಗೆಲ್ಲ "ಇಲ್ಲ" ಅಂದಳು. ಬಿಲ್ಲೆಗಳು ಟಣ್ ಟಣ್ ಅಂತ ಉದುರಿದವು. ಉಳಿದೋರು ಮೂವತ್ತೊಂಬತ್ತು. ಹದಿನೇಳು ತಿರುಗಿ ಬರಲಿಲ್ಲ. ಅವನ ಹೆಸರು ಏನು ಅಂತ ತೋಟಪ್ಪ ಅವನ ಮನೆಗೆ ಹೋಗಿ ಕೇಳಿದ. ಚಿಕ್ಕಲಿಂಗ ಅಂತೆ. ಅಜ್ಜಿ ಸತ್ತ ಮೇಲೆ ತೋಟಪ್ಪ ದಿವಾನಗಿರಿ ಬಿಟ್ಟು ಅದೇ ಹೊಸ್ತಿಲಲ್ಲಿ ಕೂತ. ಸಾಯೋವರೆಗೂ ಪ್ರತಿ ದಿನ ಕೊನೇ ಆಳು ದಾಟಿದ ಮೇಲೆ ಚಿಕ್ಕಲಿಂಗ ಅಂತ ಒಂದು ಸಲ ಕೂಗಿ, ಸ್ವಲ್ಪ ಹೊತ್ತು ಕಾಯ್ತಿದ್ದ. ರಾಜನಿಗೆ ಊಟ ಮತ್ತೆ ತಡವಾಗೇ ಬಂತು.

ಅವರು ಅಲ್ಲಿ, ನಾವು ಇಲ್ಲಿ, ಕತೆ ಈ ಹೊಸ್ತಿಲಲ್ಲಿ. ಏಳಿ, ಮನೆಗೆ ಹೋಗಿ. ಒಬ್ಬೊಬ್ಬರಾಗಿ ಹೋಗಿ, ಎಣಿಸ್ತೀನಿ. ಒಂದು, ಎರಡು... ಹದಿನೇಳು, ಹದಿನೆಂಟು, ಹತ್ತೊಂಬತ್ತು.

ಇಪ್ಪತ್ತು.

ಮೊದಲಿಂದ ನನ್ನ ಮಾತು ಮುಗಿಯೋ ಮುಂಚೆಯೇ ಹೂಂ ಅಂತಿದ್ದೋನು ನೀನೇ ಅಲ್ವಾ? ಯಾರಪ್ಪ ನೀ...

ಅಯ್ಯೋ, ಇಷ್ಟು ಬೇಗ ಹೇಳಿಬಿಟ್ಟೆಯಲ್ಲೋ.