ಸೀರೆ ಸುತ್ತಿದ ಮಾನಿಟರ್

ಸವಳಂಗದಲ್ಲಿ ಬಸ್ ಹತ್ತಿದ ಸಾವಂತ್ರಮ್ಮ, ಹಳೇ ಸೀರೆ ಸುತ್ತಿದ ಕಂಪ್ಯೂಟರ್ ಮಾನಿಟರನ್ನು ಕೂಸಿನಂಗೆ ತೊಡೆ ಮೇಲಿಟ್ಟುಕೊಂಡು ಕೂತರು. ಪಕ್ಕದಲ್ಲಿದ್ದ ಚೈತ್ರಾ ಮಾತಿಗೆಳೆದಳು. ಹಿಂದಿನ ಸೀಟಿನ ಅಂಬಿಕಾ ಅತ್ತ ಕಿವಿ ಕೊಟ್ಟಳು.

“ಎಲ್ಲಿಗಮ್ಮ ಇದು?”

“ನ್ಯಾಮತಿಗೆ, ರಿಪೇರಿಗೆ. ಏನು ಮಾಡಿದ್ರೂ ಕಣ್ಣೇ ಬಿಡ್ತಿಲ್ಲ. ಸಂಜೆ ಸೊಸೆ ಬರೋದ್ರೊಳಗೆ ಸರಿ ಆಗ್ಬೇಕು. ಮುಟ್ಟಬ್ಯಾಡ್ರಿ ಅಂದಿದ್ಲು, ನಾನು ಧೂಳು ಹೊಡಿಯಾಕೆ ಹೋದೆ.”

“ಲೈಟ್ ಬರ್ತೈತಾ?”

“ಕೆಳಗೆ ಸಣ್ಣದೊಂದು ಮಿಣಮಿಣ ಅಂತೈತೆ.”

“ಹಂಗಾದ್ರೆ ಕರೆಂಟ್ ಐತೆ. ಜೊತೆಗಿರೋ ಡಬ್ಬಿ, ಸಿಪಿಯು, ಅದನ್ನ ಆನ್ ಮಾಡಿದ್ರಾ?”

“ಅದು ಗುಂಯ್ ಅಂತಿತ್ತು. ಸುಮ್ನಿರಲಿ ಅಂತ ನಾನೇ ಆಫ್ ಮಾಡ್ದೆ.”

ಅಂಬಿಕಾ ಸೆರಗನ್ನು ಬಾಯಿಗೊತ್ತಿಕೊಂಡಳು.

“ಅಮ್ಮ,” ಅಂದಳು ಚೈತ್ರಾ, “ಅದು ಆನ್ ಇದ್ರೇನೇ ಇದ್ರಲ್ಲಿ ಚಿತ್ರ ಬರೋದು. ಇದಕ್ಕೇನೂ ಆಗಿಲ್ಲ. ವಾಪಸ್ ಒಯ್ದು ಡಬ್ಬಿ ಆನ್ ಮಾಡ್ರಿ, ಸಾಕು.”

ಸಾವಂತ್ರಮ್ಮನ ಮುಖ ಅರಳಿತು. ಮುಂದಿನ ಸ್ಟಾಪಿನಲ್ಲೇ ಇಳಿದರು. ಮಾನಿಟರನ್ನು ಬಾಗಿಲವರೆಗೆ ತಂದು ಕೊಟ್ಟವಳು ಅಂಬಿಕಾ. ಕೆಳಗೆ ನಿಂತು ಸಾವಂತ್ರಮ್ಮ ಚೈತ್ರಾಳ ಕಿಟಕಿಗೆ ಮುಖವೆತ್ತಿದರು.

“ಆ ಡಬ್ಬೀನೂ ಒರೆಸೀನಿ ಕಣವ್ವ, ಒದ್ದೆ ಬಟ್ಟೇಲಿ, ಹಿಂದಿನ ತೂತೊಳಗೆಲ್ಲ. ಪರವಾಗಿಲ್ಲ ಅಲ್ವಾ?”

ಚೈತ್ರಾ ಬಾಯಿ ತೆರೆಯುವುದರೊಳಗೆ ಕಂಡಕ್ಟರ್ ರೈಟ್ ಅಂದ.