ಕೆಂಪು ಗೆರೆ ಇಲ್ಲದ ಉತ್ತರಪತ್ರಿಕೆ

ವಿಶ್ವವಿದ್ಯಾಲಯದ ಹಾಸ್ಟೆಲಿನ ಊಟದ ಸಾಲು. ನನ್ನ ಮುಂದೆ ಒಬ್ಬ ಅಜ್ಜಿ, ಜೊತೆಗೆ ಅವರ ರೂಮಿನ ಹುಡುಗಿ. ಇಬ್ಬರೂ ಒಂದೇ ತರಗತಿಯವರು.

“ಪಾಸಾಗಿದ್ದಕ್ಕೆ ಯಾರಾದ್ರೂ ಸಿಟ್ಟಾಗ್ತಾರಾ ಅಜ್ಜಿ?”

“ನಿನ್ನ ಪೇಪರ್ ತುಂಬ ಕೆಂಪು ಗೆರೆ. ನನ್ನದರಲ್ಲಿ ಒಂದಾದ್ರೂ ಇದ್ಯಾ?”

“ಚೆನ್ನಾಗಿ ಬರೆದಿರ್ತೀರಿ.”

“ಮಣ್ಣಾಂಗಟ್ಟಿ! ಕೊನೇ ಉತ್ತರ ಅರ್ಧಕ್ಕೇ ಬಿಟ್ಟಿದ್ದೆ. ಅದಕ್ಕೂ ಪೂರ್ತಿ ಮಾರ್ಕ್ಸು!”

“ಮೇಷ್ಟ್ರು ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟಿದ್ದಾರೆ ಬಿಡಿ.”

“ಓದದೇ ಮಾರ್ಕ್ಸ್ ಹಾಕೋದು ಮರ್ಯಾದೆನಾ? ಮನೇಲಿ ಮಕ್ಕಳೂ ಹಿಂಗೇ. ನಾನು ಏನಂದ್ರೂ ತಲೆ ಎತ್ತದೇ ‘ಆಯ್ತಮ್ಮಾ’ ಅಂತಾರೆ. ಅದು ಸಾಕಾಗೇ ಇಲ್ಲಿಗೆ ಬಂದು ಸೇರಿದ್ದು. ಕೊಡು ಒಂದು ಕೆಂಪು ಪೆನ್ನು, ಆ ಮೇಷ್ಟ್ರ ಮುಂದೆ ಇಡ್ತೀನಿ.”

“ಊಟ ಮಾಡ್ಕೊಂಡು ಹೋಗಿ ಅಜ್ಜಿ!”

“ತಪ್ಪು ಅನ್ನಿಸ್ಕೊಂಡು ಬಂದು ತಿಂತೀನಿ.”

ಖಾಲಿ ತಟ್ಟೆಯನ್ನು ನನ್ನ ಕೈಗಿಟ್ಟು ಅಜ್ಜಿ ಹೊರಟೇಬಿಟ್ಟರು. ಹುಡುಗಿ ಪೆನ್ನು ಹುಡುಕುತ್ತ ಹಿಂದೆ ಓಡಿದಳು.