ಗಜನಿ ಕಟ್ಟೆಯ ಎದೆಪಟ್ಟಿ

ಸುಳ್ಳು ಹೇಳೋದರಲ್ಲಿ ಅಘನಾಶಿನಿಯಿಂದ ಭಟ್ಕಳದವರೆಗೆ ನನ್ನನ್ನು ಸೋಲಿಸುವವರಿಲ್ಲ. ಅದಕ್ಕೇ ಹೇಳ್ತೇನೆ, ಇದು ಸುಳ್ಳಲ್ಲ. ಇಷ್ಟು ಸಪ್ಪೆಯಾಗಿ ನಾನು ಸುಳ್ಳು ಕಟ್ಟುವುದಿಲ್ಲ. ಹತ್ತಿರ ಬನ್ನಿ...

ನನ್ನ ತಂಗಿಯ ಮಗಳು ಸುಚಿತಾ ಆ ರಾತ್ರಿ ಮೀನಿನ ಪ್ಯಾಕಿಂಗ್ ಕೆಲಸ ಮುಗಿಸಿ ಆಲದಮರದ ಬಾವಿಯ ದಾರಿಯಲ್ಲಿ ಮನೆ ಕಡೆ ಬರುತ್ತಿದ್ದಳು. ದೂರದ ಓಟದವಳು. ಕಾಲು ನನ್ನ ಕಡೆಯಿಂದ ಬಂದದ್ದು. ಹರೆಯದಲ್ಲಿ ನಾನು ಹೊನ್ನಾವರದ ಬಸ್ಸಿಗಿಂತ ಮುಂದೆ ಓಡಿ, ಸ್ಟಾಪಿನಲ್ಲಿ ಅದಕ್ಕೆ ಕಾದವನು. ಎದೆ ಮಾತ್ರ ಅವಳದೇ. ತೊಂದರೆ ಅಲ್ಲೇ. ಓಡುವಾಗ ಏರಿದ ಬಡಿತ ನಿಂತ ಮೇಲೆ ಬೇಗ ಇಳಿಯಬೇಕು. ಅವಳದು ಇಳಿಯುತ್ತಿರಲಿಲ್ಲ. ಆ ಪರೀಕ್ಷೆ ಮೊದಲೇ ಒಮ್ಮೆ ತಪ್ಪಿತ್ತು. ಅವತ್ತೂ ತಪ್ಪಿದರೆ ರಾಜ್ಯದ ಶಿಬಿರ ಕೈತಪ್ಪಿದಂತೆ.

ಕೋಚ್ ಮಹಾಬಲ ಮಾಸ್ತರರು ಕುಮಟೆಯಲ್ಲೇ ಕೂತು ಮೊಬೈಲಿನಲ್ಲಿ ನೋಡುತ್ತಾರೆ. ಎದೆಗೆ ಕಟ್ಟಿದ ಪಟ್ಟಿ ಬಡಿತ ಕಳಿಸುತ್ತದೆ, ಕೈಯ ವಾಚು ಓಡಿದ ದಾರಿ ಕಳಿಸುತ್ತದೆ. ಜೊತೆಗೆ ಓಡುತ್ತಿದ್ದ ಸುಶ್ಮಿತಾ ಮದುವೆಯಾಗಿ ಶಿರಾಲಿ ಸೇರಿದ್ದಳು. ಸುಚಿತಾಳ ಅವ್ವ ಗೋವೆಯ ಫ್ಯಾಕ್ಟರಿಯಲ್ಲಿ. ಹೊಳೆಯಂಚಿನ ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ಹಾಕಿದ ಉದ್ದನೆ ಮಣ್ಣಿನ ಕಟ್ಟೆಯ ಮೇಲೆ ಓಡಲು ಇವಳೊಬ್ಬಳೇ.

ಪಟ್ಟಿ ಒಣಗಿದ್ದರೆ ಬಡಿತ ಹಿಡಿಯುವುದಿಲ್ಲ, ಒದ್ದೆ ಮಾಡಬೇಕು. ಬಾವಿ ಪಕ್ಕದಲ್ಲೇ ಇತ್ತು.

ಆ ಬಾವಿಗೊಂದು ಕ್ರಮ ಇದೆ. ಸೇದಿದ ಮೊದಲ ನೀರು ಆಲದ ಬುಡಕ್ಕೆ, ಮಾದೇವಿಗೆ. ಚಿಪ್ಪಿ ಹೆಕ್ಕಲು ಒಬ್ಬಳೇ ಹೊಳೆಗಿಳಿದು, ಕಡಲ ಭರತದ ನೀರು ಏರಿ ಮುಳುಗಿದವಳು. ಕೂಗಿದ್ದು ಯಾರಿಗೂ ಕೇಳಲಿಲ್ಲ. ಉಪ್ಪುನೀರು ಕುಡಿದು ಸತ್ತವಳಿಗೆ ಸಿಹಿನೀರು ಕೊಡುವುದು.

ಸುಚಿತಾಗೆ ಅವಸರ. ರಾಟೆ ಕಿರ್ರ್... ಎಂದಿತು. ಮೊದಲ ನೀರನ್ನೇ ಪಟ್ಟಿಗೆ ಸುರಿದು, ಎದೆಗೆ ಬಿಗಿದು ಓಡಿದಳು.

ಪಟ್ ಪಟ್ ಪಟ್... ಅವಳ ಬೂಟು. ಪಚಕ್... ಪಚಕ್... ಅದು ಬರಿಗಾಲು.

"ಹಿಂದೆ ಯಾರು?" ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಮಾಸ್ತರರು.

"ಯಾರೂ ಇಲ್ಲ ಸರ್."

"ಆತು. ನಿಲ್ಲು ಈಗ. ಅಲ್ಲಾಡ್ಬೇಡ."

ನಿಂತಳು. ಹೆಜ್ಜೆ ನಿಲ್ಲಲಿಲ್ಲ. ಪಚಕ್... ಪಚಕ್... ಬೆನ್ನಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಓಡಿದರೆ ಶಿಬಿರ ಹೋಯಿತು. ನಿಂತರೆ...

ಹೊಳೆಕೆಸರಿನ ವಾಸನೆ. ತೊಟ್... ತೊಟ್... ಸೀರೆಯಂಚಿನಿಂದ ನೀರು ತೊಟ್ಟಿಕ್ಕುವ ಸದ್ದು. ವಾಚಿನ ಅಂಕಿ ಇಳಿಯಲೊಲ್ಲದು.

"ಸುಸ್ತಾತಾ ಮಗಾ?"

ಯಾರೂ ಅವಳನ್ನು ಹಾಗೆ ಕೇಳಿ ಎಷ್ಟೋ ದಿನವಾಗಿತ್ತು. ತಿರುಗದೆ, "ಹ್ಞೂಂ" ಅಂದಳು.

"ಉಸಿರು ಬಿಡು. ನಾ ಇದ್ನಲ್ಲ."

ಬಿಟ್ಟಳು. ಅಂಕಿ ಜಾರಿತು. ಇನ್ನೂ ಜಾರಿತು...

"ಪಾಸಾತು," ಎಂದರು ಮಾಸ್ತರರು. "ಪಟ್ಟಿ ಬಿಚ್ಚಿ ಮನೆಗೆ ಹೋಗು."

ಬಿಚ್ಚಿ ಕೈಯಲ್ಲಿ ಹಿಡಿದಳು. ಹಿಂದಿನ ಹೆಜ್ಜೆ ಕಟ್ಟೆ ಇಳಿಯತೊಡಗಿತು.

"ಸ್ವಲ್ಪ ನಿಲ್ಲಿ," ಅಂದಳು ಸುಚಿತಾ, ಮೆಲ್ಲಗೆ. ಮನೆಯಲ್ಲಿ ದೀಪ ಹಚ್ಚಲೂ ಯಾರೂ ಇರಲಿಲ್ಲ.

ಚಳ್... ಚಳ್... ನೀರಿಗಿಳಿದ ಸದ್ದು. ಆಮೇಲೆ ಅದೂ ಇಲ್ಲ.

"ಮತ್ತೆ ಎಂತಕ್ಕೆ ಓಡ್ತೆ?" ಮಾಸ್ತರರು ಕೇಳಿದರು. "ಬಡಿತ ಏರ್ತಾ ಇದೆಯಲ್ಲ."

ನಂಬದಿದ್ದರೆ ಬಿಡಿ. ಸುಚಿತಾ ಈಗ ಶಿಬಿರದಲ್ಲಿದ್ದಾಳೆ, ಫೋನು ಮಾಡಿ ಕೇಳಿ. ಮಾಸ್ತರರ ಮೊಬೈಲಿನಲ್ಲಿ ಆ ರಾತ್ರಿಯ ನಕ್ಷೆ ಇನ್ನೂ ಇದೆ, ನಾನೇ ಕನ್ನಡಕ ಹಾಕಿ ನೋಡಿದ್ದೇನೆ. ಓಡಿದ ಗೆರೆ ಕಟ್ಟೆಯ ತುದಿಗೆ ನಿಂತಿಲ್ಲ. ಕೆಳಗಿಳಿದು, ಹೊಳೆಯ ನಟ್ಟನಡುವಿನ ತನಕ ಹೋಗಿದೆ.

ವಾಚು ಕಟ್ಟಿಕೊಂಡಿದ್ದ ಸುಚಿತಾ ನಿಂತಲ್ಲಿಂದ ಕದಲಿರಲಿಲ್ಲ.